ದುಡಿಯದವರ ತಾಟು

ಥೆಸಲೋನಿಕಿ ಎಂಬ ಊರಿನವರಿಗೆ ಹತ್ತಿರಹತ್ತಿರ 2000 ವರ್ಷಗಳ ಹಿಂದೆ ಒಂದು ಕಾಗದ ಬಂತು. ಬರೆದವನು ಪೌಲ. ಡೇರೆ ಹೊಲಿಯುವುದು ಅವನ ಕಸುಬು, ಊರೂರು ತಿರುಗಿ ಧರ್ಮ ಹೇಳುವುದು ಅವನ ಹಠ. ಸತ್ಯವೇದದಲ್ಲಿ ಆ ಊರಿನವರ ಹೆಸರಿನ ಕಾಗದಗಳು ಎರಡಿವೆ. ಎರಡನೆಯದು ಅವನದೇ ಹೌದೋ ಅಲ್ಲವೋ ಎಂದು ಪಂಡಿತರು ಇನ್ನೂ ಗುದ್ದಾಡುತ್ತಿದ್ದಾರೆ. ಆ ಜಗಳ ಅವರಿಗಿರಲಿ. ಅದರ ಮೂರನೆಯ ಅಧ್ಯಾಯದಲ್ಲಿ ಒಂದು ಕಟ್ಟಪ್ಪಣೆ ಇದೆ. ದುಡಿಯುವ ಮನಸ್ಸಿಲ್ಲದವನಿಗೆ ಊಟವೂ ಇಲ್ಲ ಎಂಬುದು ಅದರ ತಾತ್ಪರ್ಯ.

ಈ ಮಾತು ಕೇಳಲು ಗ್ರೀಸಿಗೇ ಹೋಗಬೇಕಾಗಿಲ್ಲ. ಗೋಕಾಕದ ಬಸ್ಸಿಳಿದು ನಮ್ಮ ಮೇಲವಂಕಿಯ ಯಾವ ಕಟ್ಟೆಯ ಮೇಲೆ ಕುಳಿತರೂ ಕಿವಿಗೆ ಬೀಳುತ್ತದೆ. “ಪುಕ್ಕಟೆ ಅಕ್ಕಿ ಕೊಟ್ಟು ಮಂದೀನ ಹಾಳ ಮಾಡ್ಯಾರ್ರಿ ಅಕ್ಕಾರ. ಕಬ್ಬಿಗೆ ನೀರ ಹಾಯಸಾಕ ಒಂದ ಆಳ ಸಿಗವಲ್ದು.” 2013ರಲ್ಲಿ ಅನ್ನಭಾಗ್ಯ ಬಂದಂದಿನಿಂದ ಈ ರಾಗ ನಿಂತಿಲ್ಲ. ಹೇಳುವವರಲ್ಲಿ ಬಹಳ ಜನ ನನ್ನ ಹಳೆಯ ವಿದ್ಯಾರ್ಥಿಗಳು. ಮನೆ ಮುಂದೆ ಟ್ರ್ಯಾಕ್ಟರ್ ನಿಂತಿರುತ್ತದೆ, ಮನೆಯೊಳಗೆ ರೇಷನ್ ಕಾರ್ಡೂ ಇರುತ್ತದೆ. ಕಾಯಕದ ಪಾಠವನ್ನು ಅವರಿಗೆ ಶಾಲೆಯಲ್ಲಿ ಹೇಳಿದವಳು ನಾನೇ. ಆ ಪಾಠದ ಉಳಿದರ್ಧ ದಾಸೋಹ. ಅದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿದ್ದೆ. ಅವರ ತಲೆಯಲ್ಲಿ ಮೊದಲರ್ಧ ಉಳಿದು ಎರಡನೆಯದು ಎಲ್ಲಿ ಉದುರಿಹೋಯಿತು ಎಂಬುದು ನಿವೃತ್ತಳಾದ ಮೇಲೂ ನನ್ನನ್ನು ಬಿಡದ ಪ್ರಶ್ನೆ.

ಮಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ. ಅವಳ ಬಾಣಂತನಕ್ಕೆಂದು ಹೋದವಳಿಗೆ 2025ರ ಮಾರ್ಚ್ ಹೊತ್ತಿಗೆ ಕೆಲಸ ಕಡಿಮೆಯಾಯಿತು, ವೀಸಾದ ಅವಧಿ ಇನ್ನೂ ಇತ್ತು. “ಎಲ್ಲಿಗರ ಹೋಗಿ ಬಾ ಅವ್ವಾ” ಎಂದಳು. ಪ್ಯಾರಿಸ್ಸೋ ರೋಮೋ ಅನ್ನುತ್ತೇನೆಂದು ಕಾದಿದ್ದಳು. ನಾನು ಥೆಸಲೋನಿಕಿ ಎಂದೆ. ಇತಿಹಾಸ ಕಲಿಸಿದವಳಿಗೆ ಆ ಹೆಸರು ಹೊಸದಲ್ಲ. ಕ್ರಿಸ್ತಪೂರ್ವ 315ರ ಸುಮಾರಿಗೆ ಕಸಾಂಡರ್ ಎಂಬ ಅರಸ ಕಟ್ಟಿಸಿ ತನ್ನ ಹೆಂಡತಿಯ ಹೆಸರಿಟ್ಟ ಊರು. ಆಕೆ ಅಲೆಕ್ಸಾಂಡರನ ಮಲತಂಗಿ. “ಒಬ್ಬಾಕಿನೇ ಹೊಂಟಿ?” “ಒಬ್ಬಾಕಿನೇ.” ಮೇಲವಂಕಿಯಿಂದ ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗೋಕಾಕದ ಕರದಂಟಿನ ಎರಡು ಪೊಟ್ಟಣ ಚೀಲಕ್ಕೆ ಸೇರಿದವು.

ನಮ್ಮ ಕಡೆ ಹೆಂಗಸು ಒಬ್ಬಳೇ ಖಾನಾವಳಿಯಲ್ಲಿ ಕುಳಿತು ಉಂಡರೆ ಆಕೆಯ ಮನೆಯಲ್ಲಿ ಏನೋ ಕೆಟ್ಟಿದೆ ಎಂದೇ ಲೆಕ್ಕ. ಸೊಸೆಯಾಗಿ ಬಂದಂದಿನಿಂದ ನಾನು ಎಲ್ಲರಿಗೂ ನೀಡಿ ಕೊನೆಗೆ ಉಂಡವಳು. ಶಾಲೆಗೆ ಹೋಗುವ ಗಡಿಬಿಡಿಯಲ್ಲೂ ರೊಟ್ಟಿ ಬಡಿದು ಬುಟ್ಟಿ ತುಂಬಿಸಿಯೇ ಹೊಸ್ತಿಲು ದಾಟಿದವಳು. ಮೇಜಿನ ಮುಂದೆ ಒಬ್ಬಳೇ ಕುಳಿತು ಇನ್ನೊಬ್ಬರಿಂದ ಬಡಿಸಿಕೊಳ್ಳುವುದು ಮೊದಲ ದಿನ ಮೈಗೆ ಒಗ್ಗಲಿಲ್ಲ. ನನ್ನ ಕೈ ನೀರಿನ ಜಗ್ಗಿಗೆ ತಾನಾಗಿ ಹೋಗುತ್ತಿತ್ತು, ಬೇರೆಯವರ ಲೋಟಕ್ಕೆ ಹಾಕಲು.

ಊಟದ ಚಿಂತೆ ಮಾತ್ರ ಆಗಲಿಲ್ಲ. ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದ ಕಾಲ ಅದು. ಆ ವರ್ಷ ಅವರ ‘ಶುದ್ಧ ಸೋಮವಾರ’ ಮಾರ್ಚ್ 3ಕ್ಕೆ ಬಂದಿತ್ತು. ಅಲ್ಲಿಂದ ಮುಂದೆ ಆಚಾರವಂತರು ಮಾಂಸ, ಮೊಟ್ಟೆ, ಹಾಲು, ತುಪ್ಪ ಮುಟ್ಟುವುದಿಲ್ಲ. ‘ನಿಸ್ತೀಸಿಮೊ’ ಎಂದರೆ ಉಪವಾಸಕ್ಕೆ ನಡೆಯುವಂಥದ್ದು. ಈ ಒಂದು ಮಾತು ಕಲಿತರೆ ಲಿಂಗಾಯತರ ಹೆಂಗಸು ಆ ಊರಲ್ಲಿ ಬದುಕಬಹುದು. ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಬಿಳಿ ಅವರೆಕಾಳು, ಎಣ್ಣೆ ನಿಂಬೆಹುಳಿ ಹಾಕಿದ ಬೇಯಿಸಿದ ಸೊಪ್ಪು, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ, ಬೀದಿಯಲ್ಲಿ ಮಾರುವ ಎಳ್ಳು ಮೆತ್ತಿದ ಬಳೆಯಂಥ ರೊಟ್ಟಿ ‘ಕುಲೂರಿ’. ಎಚ್ಚರಿಕೆ ಒಂದೇ: ಬೆನ್ನೆಲುಬಿಲ್ಲದ ಜಲಚರ ಅವರ ಉಪವಾಸಕ್ಕೆ ನಡೆಯುತ್ತದೆ. ನಿಸ್ತೀಸಿಮೊ ಎಂದು ಬೆರಳು ತೋರಿಸಿದರೆ ಸಿಗಡಿಯೂ ಬಂದೀತು.

ಯುನೆಸ್ಕೊ 2021ರಲ್ಲಿ ಈ ಬಂದರು ಪಟ್ಟಣವನ್ನು ಅಡುಗೆಯ ಸೃಜನಶೀಲ ನಗರಗಳ ಸಾಲಿಗೆ ಸೇರಿಸಿತು. ಗ್ರೀಸಿನಲ್ಲಿ ಆ ಹೆಸರು ಪಡೆದ ಮೊದಲ ಊರು ಇದು. ಕಪಾನಿ ಮಾರುಕಟ್ಟೆಯ ಇಕ್ಕಟ್ಟು ಓಣಿಗಳಲ್ಲಿ ಆಲಿವ್ ರಾಶಿ, ಮಸಾಲೆ ಚೀಲ ನೋಡುತ್ತ ತಿರುಗುವಾಗ ನಾನು ಕೇಳಿಕೊಂಡದ್ದು, ಈ ಕೈರುಚಿ ಯಾರದು ಎಂದು. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಹಾಕಿತು. ಆಗ ಈ ಊರು ಆಟೋಮನ್ ತುರ್ಕರ ಕೈಯಲ್ಲಿತ್ತು. ಸಾವಿರಾರು ಜನ ಹಡಗಿಳಿದು ಇಲ್ಲಿ ನೆಲೆ ನಿಂತರು, ಶತಮಾನಗಳ ಕಾಲ ಊರಿನ ಅತಿ ದೊಡ್ಡ ಸಮುದಾಯವಾಗಿ ಬಾಳಿದರು. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ತಮ್ಮ ತಮ್ಮ ಅಲ್ಪಸಂಖ್ಯಾತರನ್ನು ಅದಲುಬದಲು ಮಾಡಿಕೊಂಡವು. ಊರಿನ ಮುಸ್ಲಿಮರು ಆಚೆ ಹೋದರು, ಏಷ್ಯಾ ಮೈನರಿನ ಗ್ರೀಕರು ಗಂಟುಮೂಟೆಯೊಂದಿಗೆ ಈಚೆ ಬಂದರು. ಇವತ್ತು ಜಗತ್ತು ಹೊಗಳಿ ತಿನ್ನುವ ಅಡುಗೆಯಲ್ಲಿ ದೊಡ್ಡ ಪಾಲು ಹೀಗೆ ಬರಿಗೈಯಲ್ಲಿ ಬಂದವರದ್ದು. ಬಂದ ದಿನ ಅವರಲ್ಲಿ ಯಾರ ಕೈಯಲ್ಲೂ ಕೆಲಸ ಇರಲಿಲ್ಲ, ಯಾರೋ ಹಾಕಿದ ಊಟ ಉಂಡೇ ಮರುದಿನ ಎದ್ದಿದ್ದಾರೆ. ಪೌಲನ ಅಪ್ಪಣೆಯನ್ನು ಅಕ್ಷರಕ್ಕೆ ಅಕ್ಷರ ಹಿಡಿದು ಬಾಗಿಲಲ್ಲಿ ಯಾರಾದರೂ ನಿಂತಿದ್ದರೆ ಈ ಊರಿಗೆ ಆ ಬಿರುದು ಬರುತ್ತಿರಲಿಲ್ಲ.

ಆದರೆ ಪೌಲನನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕುವಂತಿಲ್ಲ. ಊರಿನ ಮೇಲ್ಭಾಗದ ದಿಬ್ಬದಲ್ಲಿ ವ್ಲಾತಾದೋನ್ ಮಠವಿದೆ, ಹದಿನಾಲ್ಕನೆಯ ಶತಮಾನದ್ದು. ಅವನು ಬೋಧಿಸಿದ ಜಾಗ ಇದೇ ಎಂದು ಪ್ರತೀತಿ. ಆವರಣದಲ್ಲಿ ನವಿಲು ಸಾಕಿದ್ದಾರೆ. ಅಷ್ಟು ದೂರ ಹೋಗಿ ನಮ್ಮ ಹೊಲದ ಹಕ್ಕಿಯನ್ನು ಕಂಡು ನಗು ಬಂತು. ಅಲ್ಲಿಯ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಕನ್ನಡ ಸತ್ಯವೇದ ತೆರೆದು ಎರಡೂ ಕಾಗದ ಓದಿದೆ. ಕರ್ತ ಇನ್ನೇನು ಬಂದೇ ಬಿಡುತ್ತಾನೆಂದು ಕೆಲವರು ಕೆಲಸ ಬಿಟ್ಟು ಕುಳಿತಿದ್ದರಂತೆ, ಹಾಗೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಅವರಿಗೆ ಹೇಳಿದ ಮಾತು ಅದು. ಕೈಲಾಗದವರ ಬಗ್ಗೆ ಹೇಳಿದ್ದಲ್ಲ. ಅಪ್ಪಣೆ ಕೊಡುವುದಕ್ಕೆ ಮುಂಚೆ ಅವನು ತನ್ನ ಲೆಕ್ಕ ಒಪ್ಪಿಸುತ್ತಾನೆ. ನಿಮ್ಮಲ್ಲಿದ್ದಾಗ ಯಾರ ರೊಟ್ಟಿಯನ್ನೂ ಬಿಟ್ಟಿ ತಿನ್ನಲಿಲ್ಲ, ಯಾರಿಗೂ ಭಾರವಾಗಬಾರದೆಂದು ಹಗಲೂ ರಾತ್ರಿ ದುಡಿದೆ ಎಂಬ ಅರ್ಥದ ಮಾತು ಅಲ್ಲಿದೆ.

ಇದನ್ನು ಓದಿ ನನಗೆ ಶರಣ ನುಲಿಯ ಚಂದಯ್ಯ ನೆನಪಾದ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಜಂಗಮರಿಗೆ ಉಣಿಸುತ್ತಿದ್ದವನು. ಹುಲ್ಲು ಕೊಯ್ಯುವಾಗ ಕೊರಳ ಲಿಂಗವೇ ಜಾರಿ ನೀರಿಗೆ ಬಿದ್ದರೂ ಅವನು ಕೆಲಸ ಬಿಡಲಿಲ್ಲ, ಲಿಂಗವೇ ಅವನ ಹಿಂದೆ ಬರಬೇಕಾಯಿತು ಎಂದು ಕತೆ ಇದೆ. ಗುರುವಾದರೂ ಜಂಗಮನಾದರೂ ಕಾಯಕದಿಂದ ಬಿಡುಗಡೆ ಇಲ್ಲ ಎಂಬ ಹಟದವನು. ಪೌಲನೂ ಚಂದಯ್ಯನೂ ಎದುರುಬದುರು ಕುಳಿತಿದ್ದರೆ ಒಬ್ಬ ಡೇರೆ ಹೊಲಿಯುತ್ತ, ಇನ್ನೊಬ್ಬ ಹಗ್ಗ ಹೊಸೆಯುತ್ತ ತಕರಾರಿಲ್ಲದೆ ಮಾತಾಡುತ್ತಿದ್ದರು. ಒಂದು ಕಡೆ ಮಾತ್ರ ಇಬ್ಬರ ದಾರಿ ಬೇರೆಯಾಗುತ್ತದೆ. ಚಂದಯ್ಯನ ಕಟ್ಟುನಿಟ್ಟು ದುಡಿಯುವ ಹೊತ್ತಿಗೆ; ನೀಡುವ ಹೊತ್ತಿಗೆ ಅದು ಸಡಿಲುತ್ತದೆ. ಮನೆಗೆ ಬಂದ ಜಂಗಮನನ್ನು, ಇವತ್ತು ಏನು ಕೆಲಸ ಮಾಡಿ ಬಂದೆ ಎಂದು ಅವನು ಬಾಗಿಲಲ್ಲಿ ನಿಲ್ಲಿಸಿ ಕೇಳಿದ ಕತೆಯನ್ನು ನಾನು ಎಲ್ಲೂ ಓದಿಲ್ಲ.

ಪೌಲನ ಲೆಕ್ಕದಲ್ಲೂ ಒಂದು ಕಲಂ ಇದೆ, ಜನ ಅದನ್ನು ಸಾಮಾನ್ಯವಾಗಿ ಹಾರಿಸುತ್ತಾರೆ. ಥೆಸಲೋನಿಕಿಗೆ ಬರುವ ಮುಂಚೆ ಅವನು ಫಿಲಿಪ್ಪಿಯಲ್ಲಿದ್ದ. ಅಲ್ಲಿ ಲುದಿಯ ಎಂಬ ಹೆಣ್ಣುಮಗಳು, ಊದಾಬಣ್ಣದ ಬಟ್ಟೆಯ ವ್ಯಾಪಾರ ಮಾಡುವವಳು, ಮನೆಗೆ ಬಂದು ಇರಲೇಬೇಕು ಎಂದು ಹಟಹಿಡಿದು ಅವನನ್ನೂ ಜೊತೆಗಾರರನ್ನೂ ಇಳಿಸಿಕೊಂಡಳು. ಮುಂದೆ ಫಿಲಿಪ್ಪಿಯವರಿಗೆ ಬರೆದ ಕಾಗದದಲ್ಲಿ ಪೌಲನೇ ಒಪ್ಪಿಕೊಂಡಿದ್ದಾನೆ: ಥೆಸಲೋನಿಕಿಯಲ್ಲಿದ್ದಾಗ ಅವರು ಒಂದಕ್ಕಿಂತ ಹೆಚ್ಚು ಸಲ ನೆರವು ಕಳಿಸಿದ್ದರು. ಅಂದರೆ ಯಾರ ರೊಟ್ಟಿಯನ್ನೂ ಬಿಟ್ಟಿ ತಿನ್ನಲಿಲ್ಲ ಎಂಬ ಆ ದಿನಗಳಲ್ಲೇ ಫಿಲಿಪ್ಪಿಯವರ ಗಂಟೂ ಬರುತ್ತಿತ್ತು. ಇದನ್ನು ನಾನು ಅವನ ಮೇಲೆ ದೂರಾಗಿ ಹೇಳುತ್ತಿಲ್ಲ. ಎರಡು ಕೈಯಿಂದ ದುಡಿಯುವವನಿಗೂ ಮೂರನೆಯ ಕೈ ಬೇಕಾಗುತ್ತದೆ, ಅಷ್ಟೇ. ಲುದಿಯಳ ಮನೆಯ ಒಲೆಯ ಮುಂದೆ ಇದ್ದವರು ಯಾರು ಎಂದು ಯಾವ ಕಾಗದವೂ ಹೇಳುವುದಿಲ್ಲ. ನೀಡುವವರ ಹೆಸರು ಬರೆಯುವ ರೂಢಿ ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಒಂದು ಸಂಜೆ ಸಣ್ಣ ಹೋಟೆಲಿನಲ್ಲಿ ಉಂಡು ದುಡ್ಡು ಕೊಡಲು ಎದ್ದೆ. ಅಡುಗೆಮನೆಯಿಂದ ನನ್ನ ವಯಸ್ಸಿನದೇ ಒಬ್ಬಾಕೆ ಬಂದು ಕೈಸನ್ನೆಯಲ್ಲಿ ಕೂರಿಸಿ ಮುಂದೊಂದು ಬಟ್ಟಲಿಟ್ಟಳು. ರವೆ, ಸಕ್ಕರೆ, ತುಪ್ಪದ ಬದಲು ಎಣ್ಣೆ, ಮೇಲೆ ದಾಲ್ಚಿನ್ನಿ. ಅವರು ಹಲ್ವಾ ಎನ್ನುತ್ತಾರೆ. ನಮ್ಮ ಶಿರಾದ ಅಕ್ಕನೋ ತಂಗಿಯೋ ಆಗಬೇಕು. ಬಿಲ್ಲಿನಲ್ಲಿ ಅದು ಇರಲಿಲ್ಲ. ‘ಕೇರಾಸ್ಮಾ’ ಎಂದಳು, ಉಂಡವರಿಗೆ ಮನೆಯ ಕಡೆಯಿಂದ ಕೊಡುವುದು, ಅಲ್ಲಿಯ ಪದ್ಧತಿ. ವ್ಯಾಪಾರದ ಜಾಣತನವೂ ಅದರಲ್ಲಿ ಇದ್ದೀತು, ಇರಲಿ. ನಾನು ಚೀಲದಿಂದ ಕರದಂಟು ತೆಗೆದುಕೊಟ್ಟೆ. ಅಂಟು, ಕೊಬ್ಬರಿ, ಬೆಲ್ಲ ಎಂದು ಹೇಳಲು ನನಗೆ ಗ್ರೀಕ್ ಬರುವುದಿಲ್ಲ. ಆಕೆ ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದಳು, ಉಳಿದದ್ದನ್ನು ಒಳಗೆ ಪಾತ್ರೆ ತೊಳೆಯುವ ಹುಡುಗನಿಗೆ ಕೊಟ್ಟಳು. ಯೂರೋ ಕೊಟ್ಟು ಉಂಡಾಗ ನಾನು ಯಾರ ಹಂಗಿನವಳೂ ಆಗಿರಲಿಲ್ಲ, ಯಾರ ಅತಿಥಿಯೂ ಆಗಿರಲಿಲ್ಲ. ಒಬ್ಬಂಟಿ ಪ್ರಯಾಣಿಕರಿಗೆ ಇದು ದೊಡ್ಡ ಅನುಕೂಲ ಎನ್ನುತ್ತಾರೆ. ನನಗೆ ಹಾಗನಿಸಲಿಲ್ಲ. ಆ ಬಟ್ಟಲಿನ ನಂತರವೇ ಆ ಊರಿಗೂ ನನಗೂ ಏನೋ ಕೊಟ್ಟುಕೊಳ್ಳುವುದು ಉಂಟು ಎನಿಸಿದ್ದು.

ಭಾನುವಾರ ಸಂತ ದಿಮಿತ್ರಿಯಸ್ ಚರ್ಚಿಗೆ ಹೋದೆ. 1917ರ ಬೆಂಕಿಯಲ್ಲಿ ಸುಟ್ಟು ಮತ್ತೆ ಕಟ್ಟಿದ ದೊಡ್ಡ ಗುಡಿ. ಪೂಜೆ ಮುಗಿದ ಮೇಲೆ ರೊಟ್ಟಿಯ ತುಣುಕು ಹಂಚುತ್ತಾರೆ. ಅವರ ಮುಖ್ಯ ಪ್ರಸಾದ ದೀಕ್ಷೆಯಾದವರಿಗಷ್ಟೇ, ಇದು ಹಾಗಲ್ಲ. ಸೀರೆಯ ಮೇಲೆ ಮಗಳ ಕೋಟು ತೊಟ್ಟು, ಹಣೆಯಲ್ಲಿ ವಿಭೂತಿ ಇಟ್ಟುಕೊಂಡು ನಿಂತವಳ ಅಂಗೈಗೂ ಒಂದು ತುಣುಕು ಬಿತ್ತು. ಯಾರು, ಯಾವ ಧರ್ಮ, ಏನು ಕೆಲಸ, ಒಂದೂ ಕೇಳಲಿಲ್ಲ. ಪೌಲ ಕಾಗದ ಬರೆದದ್ದು ಇದೇ ಊರಿನ ಸಭೆಗೆ.

ಕೇಳದೆ ಉಣಿಸುವುದು ಆ ನೆಲದಲ್ಲಿ ಪೌಲನಿಗಿಂತ ಹಳೆಯದು. ಆಕಾಶ ಸ್ವಚ್ಛವಿದ್ದ ದಿನ ಸಮುದ್ರದಂಡೆಯಲ್ಲಿ ನಿಂತರೆ ಕೊಲ್ಲಿಯಾಚೆ ಹಿಮ ಹೊದ್ದ ಒಲಿಂಪಸ್ ಪರ್ವತ ಕಾಣುತ್ತದೆ. ಅಲ್ಲಿ ಜ್ಯೂಸ್ ದೇವರ ವಾಸ, ಪರದೇಶಿಗಳ ರಕ್ಷಣೆ ಅವನ ಹೊಣೆಗಳಲ್ಲೊಂದು. ಹೋಮರನ ಒಡಿಸ್ಸಿಯಲ್ಲಿ ಬಾಗಿಲಿಗೆ ಬಂದ ಅಪರಿಚಿತನಿಗೆ ಮೊದಲು ಊಟ, ಆಮೇಲೆ ಹೆಸರು ಕೇಳುವುದು. ಹಂದಿ ಕಾಯುವ ಯುಮೇಯಸ್ ತನ್ನ ಮುಂದೆ ಕುಳಿತ ಭಿಕ್ಷುಕ ತನ್ನ ಒಡೆಯನೇ ಎಂದು ತಿಳಿಯದೆಯೇ ಉಣಿಸುತ್ತಾನೆ. ನಮ್ಮ ಓಣಿಯಲ್ಲೂ ಮೊದಲು ನೀರು ಬೆಲ್ಲ, ಆಮೇಲೆ ಯಾವೂರು ಎಂಬ ವಿಚಾರಣೆ.

ದುಡಿಮೆಗೆ ತಕ್ಕ ಊಟ ಎಂಬ ಮಾತು ನೀಡುವವನ ಕೈಗೆ ಸಿಕ್ಕರೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನೂ ಅದೇ ಊರಿನಲ್ಲಿ ಕಂಡೆ. ಬಂದರಿನ ಹತ್ತಿರವೇ ಎಲೆಫ್ತೆರಿಯಾಸ್ ಚೌಕವಿದೆ. 1942ರ ಜುಲೈ 11ರಂದು ಜರ್ಮನ್ ನಾತ್ಸಿಗಳು ಸುಮಾರು 9,000 ಯಹೂದಿ ಗಂಡಸರನ್ನು ಅಲ್ಲಿ ಸುಡುಬಿಸಿಲಲ್ಲಿ ನಿಲ್ಲಿಸಿ, ಅವಮಾನಿಸಿ, ಕೂಲಿಗೆ ದಾಖಲು ಮಾಡಿಕೊಂಡರು. ಮರುವರ್ಷ ಮಾರ್ಚ್ 15ರಂದು ಮೊದಲ ರೈಲು ಆಶ್‌ವಿಟ್ಜ್‌ಗೆ ಹೊರಟಿತು. ಆಗಸ್ಟ್ ಹೊತ್ತಿಗೆ ಊರಿನ ಹತ್ತಿರಹತ್ತಿರ 50,000 ಯಹೂದಿಗಳು ಇಲ್ಲವಾದರು. ಆಶ್‌ವಿಟ್ಜ್‌ನಲ್ಲಿ ರೈಲಿಳಿದವರನ್ನು ಎರಡು ಸಾಲು ಮಾಡುತ್ತಿದ್ದರು. ದುಡಿಯಬಲ್ಲವರು ಇತ್ತ, ಮುದುಕರು, ಮಕ್ಕಳು, ಮಕ್ಕಳ ತಾಯಂದಿರು ಅತ್ತ. ಅತ್ತ ಹೋದವರನ್ನು ಆ ದಿನವೇ ಕೊಂದರು. ನಾತ್ಸಿಗಳಿಗೆ ಬೇಕಾದದ್ದು ಕೆಲಸವಲ್ಲ, ಆ ಜನರ ಸಾವು ಎಂಬುದು ನನಗೆ ಗೊತ್ತು. ಪೌಲನ ತಲೆಯ ಮೇಲೆ ಇದನ್ನು ಹೊರಿಸುವಷ್ಟು ತಿಳಿಗೇಡಿಯೂ ನಾನಲ್ಲ. ಆದರೆ ದುಡಿಯಬಲ್ಲವರು ಯಾರು ಎಂದು ಆರಿಸುವ ಬೆರಳು ಒಂದು ಸಲ ಎದ್ದರೆ, ಅದು ಯಾವ ಕಡೆ ತೋರಿಸೀತು ಎಂಬುದಕ್ಕೆ ಆ ಚೌಕಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಾಗಲಿಲ್ಲ.

ಒಳ್ಳೆಯವರೂ ಆ ಬೆರಳನ್ನು ಎತ್ತಿದ್ದಾರೆ. ಗಾಂಧೀಜಿ 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದರು. ಮರುವರ್ಷ ‘ಯಂಗ್ ಇಂಡಿಯಾ’ದಲ್ಲಿ, ಕೈಕಾಲು ಗಟ್ಟಿ ಇದ್ದೂ ದುಡಿಯದವನಿಗೆ ಪುಕ್ಕಟೆ ಊಟ ಹಾಕುವುದನ್ನು ತಮ್ಮ ಅಹಿಂಸೆ ಸಹಿಸದು, ಸದಾವ್ರತಗಳನ್ನು ನಿಲ್ಲಿಸಬೇಕು ಎಂಬರ್ಥದಲ್ಲಿ ಬರೆದರು. 1936ರ ಸೋವಿಯತ್ ಸಂವಿಧಾನ ದೇವರನ್ನು ಬಿಟ್ಟರೂ ಪೌಲನ ಅಪ್ಪಣೆಯನ್ನು ಬಿಡಲಿಲ್ಲ, 12ನೆಯ ವಿಧಿಯಲ್ಲಿ ಸೇರಿಸಿಕೊಂಡಿತು. ಗಾಂಧೀಜಿ ತಾವು ದಿನಾ ನೂಲುತ್ತಿದ್ದರು, ಪಾಯಖಾನೆ ತೊಳೆಯುತ್ತಿದ್ದರು. ಆ ವ್ರತ ಅವರಿಗೆ ಶೋಭಿಸುತ್ತದೆ. ಸದಾವ್ರತದ ಬಾಗಿಲಲ್ಲಿ ನಿಂತವನ ಕೈಕಾಲು ಗಟ್ಟಿ ಇವೆ ಎಂದು ನೋಡಿ ಹೇಳುವವರು ಯಾರು? ಮಹಾತ್ಮರಂತೂ ಪ್ರತಿ ಊರಿನ ಬಾಗಿಲಲ್ಲಿ ನಿಲ್ಲಲಾರರು. ನಿಲ್ಲುವವನು ನಮ್ಮ ಕಟ್ಟೆಯವನೇ, ಟ್ರ್ಯಾಕ್ಟರಿನ ಹುಡುಗನೇ.

ಆ ಹುಡುಗನೂ ನಾನೂ ಒಂದೇ ಸಾಲಿನಲ್ಲಿ ತಾಟು ಹಿಡಿದು ನಿಂತದ್ದುಂಟು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣವೇ ನೀರಲ್ಲಿ ನಿಂತಿತ್ತಲ್ಲ, ಹೊಳೆಸಾಲಿನ ಊರುಗಳ ಜನ ಗಂಜಿಕೇಂದ್ರ ಸೇರಿದೆವು. ಹತ್ತೆಕರೆಯವನೂ ಕೂಲಿಯವನೂ ಒಂದೇ ಜಮಖಾನದ ಮೇಲೆ. ಎಲ್ಲೆಲ್ಲಿಂದಲೋ ಟೆಂಪೊಗಳಲ್ಲಿ ರೊಟ್ಟಿಯ ಗಂಟು ಬಂದವು, ಹಳೆಯ ಸೀರೆಯಲ್ಲಿ ಕಟ್ಟಿದ್ದು. ಬಡಿದ ಹೆಣ್ಣುಮಕ್ಕಳ ಮುಖ ನಾವು ನೋಡಲಿಲ್ಲ. ಆಗ ನಮ್ಮಲ್ಲಿ ಯಾರೂ ದುಡಿಯುತ್ತಿರಲಿಲ್ಲ, ದುಡಿಯುವ ಹೊಲ ನೀರಿನ ಕೆಳಗಿತ್ತು. ಕೆಲಸವಿಲ್ಲದ ಕೂಲಿಯವನ ಹೊಲ ಯಾವಾಗಲೂ ನೀರಿನ ಕೆಳಗೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಈ ಇಡೀ ವಿಚಾರದಲ್ಲಿ ನನ್ನ ಮಟ್ಟಿಗೆ ಕೊನೆಯ ತೀರ್ಪು ಶರಣೆ ಆಯ್ದಕ್ಕಿ ಲಕ್ಕಮ್ಮನದು. ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ಜಂಗಮ ದಾಸೋಹ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ ಆಕೆ, ಇಷ್ಟೊಂದು ಆಸೆ ನಮಗೇಕೆ, ಹೆಚ್ಚಿನದನ್ನು ಅಲ್ಲೇ ಚೆಲ್ಲಿ ಬಾ ಎಂದು ತಿರುಗಿ ಕಳಿಸಿದಳಂತೆ. ಆಕೆ ಅಳತೆ ಹಿಡಿದದ್ದು ತನ್ನ ಮನೆಯ ಗಳಿಕೆಗೆ, ತನ್ನ ಗಂಡನಿಗೆ. ಉಣ್ಣಲು ಬಂದವರ ಮುಂದೆ ಅಳತೆ ಹಿಡಿಯಲಿಲ್ಲ. ದುಡಿಯದೆ ಉಣ್ಣಲಾರೆ ಎಂಬುದು ನನ್ನ ಬಗ್ಗೆ ನಾನು ಮಾಡಿಕೊಳ್ಳಬಹುದಾದ ವ್ರತ. ಇನ್ನೊಬ್ಬರ ತಾಟಿನ ಮೇಲೆ ಅದನ್ನು ಹೇರುವ ಅಧಿಕಾರ ನನಗಿಲ್ಲ. ಪೌಲನ ಕಾಗದದಲ್ಲಿ ಅವನು ತನ್ನ ಬಗ್ಗೆ ಬರೆದುಕೊಂಡ ಸಾಲುಗಳು ನನಗೆ ಪೂರ್ತಿ ಒಪ್ಪಿಗೆ. ಪರರಿಗೆ ಕೊಟ್ಟ ಅಪ್ಪಣೆ ಒಪ್ಪಿಗೆಯಿಲ್ಲ. ಸೋಮಾರಿಗಳು ನಮ್ಮೂರಲ್ಲಿ ಇಲ್ಲವೇ? ಇದ್ದಾರೆ, ಹೆಸರು ಹಿಡಿದು ಹೇಳಬಲ್ಲೆ. ಅವರಿಗೆ ಬುದ್ಧಿ ಹೇಳಲು ಶಾಲೆ ಇದೆ, ಕಟ್ಟೆ ಇದೆ, ಹೆಂಡತಿಯ ಬಾಯಿ ಇದೆ. ಹಸಿವನ್ನು ಆ ಕೆಲಸಕ್ಕೆ ಹಚ್ಚುವುದು ಬೇಡ.

ಶ್ರಾವಣದ ದಾಸೋಹಕ್ಕೆ ಚೀಟಿ ಪದ್ಧತಿ ತರಬೇಕು, ಸುಮ್ಮನೆ ಬಂದು ಉಣ್ಣುವವರನ್ನು ತಡೆಯಬೇಕು ಎಂಬ ಮಾತು ಈಗ ಅನೇಕ ಊರುಗಳಲ್ಲಿ ಹೊರಟಿದೆ. ನಿಮ್ಮೂರಿನ ಪಂಗತಿಯಲ್ಲಿ ಯಾರಾದರೂ ಕುಳಿತವನಿಗೆ “ನೀ ಏನ ಕೆಲಸಾ ಮಾಡ್ತೀಪಾ?” ಎಂದು ಕೇಳಿ ಆಮೇಲೆ ನೀಡಲು ಬಗ್ಗಿದರೆ, ದಯವಿಟ್ಟು ಅವರ ಕೈಯಿಂದ ಸವಟು ಇಸಿದುಕೊಳ್ಳಿ. ನೀವೇ ನೀಡಿ.